ಬಾಯಿ ಮುಚ್ಚಿಸುವ ಹಕ್ಕು

ನಮ್ಮ ಆಯುಧ ಹಬ್ಬವಾದ ಕೈಲ್ ಮುಹೂರ್ತದ ಪೂಜೆಗೆಂದು ಕೋವಿ ಒರೆಸುತ್ತಿದ್ದೆ. ಯಾರು ಕೈಗೆತ್ತಿಕೊಂಡರೂ ಕೋವಿ ತಾನು ಕೊಂದ ಮನುಷ್ಯರ ಹೆಸರು ಹೇಳುತ್ತದೆ. ಎಲ್ಲರ ಮನೆಯ ಕೋವಿಗಳೂ ಹಾಗೆಯೇ. ನಮ್ಮದು ಹೇಳುವುದು ಒಂದೇ ಹೆಸರು. ಬೆಳ್ಯಪ್ಪ. ನನ್ನ ಅಪ್ಪ.

ಆಗಲೇ ಕೋವಿ ಹಕ್ಕು ಸಂಘದ ಚಂಗಪ್ಪ ಮಾವ ಬಂದರು.

"ಪೂವಿ, ಈಗ ಕೋವಿ ನಿನ್ನದಲ್ವಾ? ಸಂಘಕ್ಕೆ ಸೇರಿಬಿಡು. ಎಲ್ಲರೂ ಒಟ್ಟಾದ್ರೆ ಇವುಗಳ ಬಾಯಿ ಮುಚ್ಚಿಸೋ ಹಕ್ಕು ಸಿಗುತ್ತೆ. ಹಬ್ಬದ ದಿನವೂ ನೆಂಟರೆದುರು ಮಾನ ಕಳೀತಾವೆ."

"ಅದು ಮಾತಾಡಿದ್ರೆ ನಮಗೇನು ತೊಂದ್ರೆ?"

"ಸಂಘ ಇಲ್ದಿದ್ರೆ ನಾಳೆ ಸರ್ಕಾರ ಕೋವಿಯನ್ನೇ ಕಿತ್ಕೊಳ್ಳುತ್ತೆ. ಆಗ ಅಳ್ತಾ ಕೂರು."

ನನ್ನ ಮೈ ಉರಿಯಿತು. ಕಳೆದ ವರ್ಷದ ಬೇಟೆಯಲ್ಲಿ ಅಪ್ಪನಿಂದಲೇ ಈ ಕೋವಿ ಎರವಲು ಪಡೆದು, ಪೊದೆಯ ಹಿಂದಿದ್ದ ಅವರನ್ನು ಹಂದಿಯೆಂದು ಹೊಡೆದವರು ಇದೇ ಮಾವ. ಆಮೇಲೆ ಒಮ್ಮೆಯೂ ಅವರು ಅಪ್ಪನ ಹೆಸರೆತ್ತಿಲ್ಲ.

"ಸೇರ್ತೀನಿ ಮಾವ," ಎಂದೆ. "ಮೊದಲು ಇದನ್ನು ನೀವೇ ಎತ್ತಿ ಪೂಜೆಗಿಡಿ."

ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಹಠಮಾರಿ! ಥೇಟ್ ಅವನ ಹಾಗೇ."

"ಯಾರ ಹಾಗೆ ಮಾವ? ಹೆಸರು ಹೇಳಿ, ಈಗಲೇ ಸೇರ್ತೀನಿ."

ಮಾವ ಚಪ್ಪಲಿ ಮೆಟ್ಟಿಕೊಂಡು ಅಂಗಳ ದಾಟಿದರು.