ಇಳಿಜಾರಿನ ಲೆಕ್ಕ

“ಒಂದು ಬಾಡಿ ಇಳಿಜಾರಿನ ಮ್ಯಾಲಿಂದ ಕೆಳಗ ಜಾರಾಕತ್ತೈತಿ...” ಪಿಯುಸಿ ಪರೀಕ್ಷೆಗಾಗಿ ಇಂಗ್ಲಿಷಿನಲ್ಲಿದ್ದ ಭೌತಶಾಸ್ತ್ರದ ಲೆಕ್ಕವನ್ನು ಗೆಳೆಯನಿಗೆ ಕನ್ನಡ ಮಾಡಿ ಹೇಳುತ್ತಿದ್ದ ಕುಬೇರಪ್ಪ ಅಲ್ಲಿಗೇ ನಿಲ್ಲಿಸಿದ.

ಎದುರಿಗೆ ಕುಳಿತ ಮೈಲಾರಪ್ಪನ ಬೋಳಿಸಿದ ತಲೆಯಲ್ಲಿ ಕೂದಲು ಈಗಷ್ಟೇ ಮೊಳೆಯುತ್ತಿತ್ತು. ಹೋದ ತಿಂಗಳು ಹುಬ್ಬಳ್ಳಿಯ ದವಾಖಾನೆಯಲ್ಲಿ ಯಾರೋ ಬಂದು, “ಬಾಡಿ ತಗೊಂಡು ಹೋಗ್ರಿ” ಎಂದಿದ್ದರು. ಕುಬೇರಪ್ಪನೂ ಜೊತೆಗಿದ್ದ. ಬಾಡಿ ಎಂದರೆ ಮೈಲಾರಪ್ಪನ ಅಪ್ಪ ಎಂದು ತಿಳಿಯಲು ಇಬ್ಬರಿಗೂ ಸ್ವಲ್ಪ ಹೊತ್ತು ಹಿಡಿದಿತ್ತು.

ಕುಬೇರಪ್ಪ ಪುಸ್ತಕದಲ್ಲಿನ ಆ ಪದದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದ. “ಕಲ್ಲು ಅಂತ ತಿಳ್ಕೋಲೇ.”

“ಬ್ಯಾಡ. ಪರೀಕ್ಷಾದಾಗ ಬಾಡಿ ಅಂತನ ಬರತೈತಿ.” ಮೈಲಾರಪ್ಪ ಗೆರೆಯನ್ನು ರಬ್ಬರಿನಿಂದ ಅಳಿಸಿ, ಪುಡಿ ಊದಿ, ಹಾಳೆ ಎಳೆದುಕೊಂಡು ಕೇಳಿದ:

“ತೂಕ ಎಷ್ಟು ಕೊಟ್ಟಾರ?”