ಮೂರನೇ ಲಾರಿ

"ಈ ಲಾರಿ ಹೊರಡೋದು ಬೇಡಣ್ಣ," ಎಂದು ಸರ್ವಮಂಗಳಾ ಎರಡನೇ ಸಲ ಹೇಳಿದಾಗ ಅವಳ ಅಣ್ಣ ವಿಶ್ವಾರಾಧ್ಯ ಬ್ಯಾನರಿನ ದಾರ ಬಿಗಿಯುವುದನ್ನು ನಿಲ್ಲಿಸಿ ತಿರುಗಿ ನೋಡಿದ.

ಚಾಮರಾಜಪೇಟೆಯ ಅವನ ಅಕ್ಕಿ ಮಂಡಿಯ ಮುಂದೆ ಲಾರಿ ನಿಂತಿತ್ತು. ಅದರ ತುಂಬ ಮೂಟೆಗಳು. ಚೆನ್ನೈ ಬಂದರು ಸೇರಿ, ಅಲ್ಲಿಂದ ಹಡಗು ಹತ್ತಿ, ಸರ್ವಮಂಗಳಾ ಮದುವೆಯಾಗಿ ಹೋಗಿದ್ದ ದ್ವೀಪದ ಊರಿಗೆ ಹೋಗಬೇಕಾದ ಅಕ್ಕಿ. ಚಂಡಮಾರುತ ಆ ಊರನ್ನು ಕೆಡವಿ ಎಂಟು ತಿಂಗಳಾಗಿತ್ತು; ಆಮೇಲೆ ವಿಶ್ವಾರಾಧ್ಯ ಕಳಿಸುತ್ತಿದ್ದ ಮೂರನೇ ಲಾರಿ ಇದು. ಬ್ಯಾನರಿನಲ್ಲಿ ಊರಿನ ಹೆಸರು ತಪ್ಪಾಗಿ ಅಚ್ಚಾಗಿತ್ತು. ವಿಶ್ವಾರಾಧ್ಯನ ಫೋಟೋ ಮಾತ್ರ ಚೆನ್ನಾಗಿ ಬಂದಿತ್ತು.

"ಯಾಕೆ ಬೇಡ? ನಿಮ್ಮೂರಿಗೇ ಕಣೇ ಹೋಗ್ತಿರೋದು."

"ಅದಕ್ಕೇ ಬೇಡ ಅಂತಿರೋದು. ಮೊದಲನೇ ಲಾರಿ ಅಕ್ಕಿ ನಾವೂ ಉಂಡಿದೀವಿ, ಇಲ್ಲ ಅನ್ನಲ್ಲ. ಆಗ ನಮ್ಮ ಅಂಗಡೀಲಿ ಮೊಣಕಾಲುದ್ದ ನೀರಿತ್ತು. ಈಗ ದೋಣಿಗಳು ರಿಪೇರಿ ಆಗಿ ಕಡಲಿಗೆ ಇಳಿದಿವೆ, ಜನ ದುಡೀತಿದಾರೆ. ನಾವೂ ನನ್ನ ಒಡವೆ ಅಡ ಇಟ್ಟು ಅಂಗಡಿಗೆ ದಿನಸಿ ತುಂಬಿಸಿದೀವಿ. ಎದುರುಗಡೆ ಶಾಲೆ ಮೈದಾನದಲ್ಲಿ ಬಿಟ್ಟಿ ಅಕ್ಕಿ ಕೊಡ್ತಿರುವಾಗ ನಮ್ಮ ಹತ್ರ ಯಾರು ಬರ್ತಾರೆ? ಪೇಟೇಲಿ ಎರಡು ಅಂಗಡಿ ಆಗ್ಲೇ ಬಾಗಿಲು ಹಾಕಿದ್ವು. ಮುಂದಿನದು ನಮ್ದು."

ಇದನ್ನೇ ಹೇಳಲು ಅವಳು ಅಷ್ಟು ದೂರದಿಂದ ಬಂದಿದ್ದಳು. ಫೋನಿನಲ್ಲಿ ಹೇಳಿದ್ದು ಅಣ್ಣನ ಕಿವಿಗೆ ಹೋಗಿರಲಿಲ್ಲ. ದಾನ ಮಾಡುವವನ ಮುಖದಲ್ಲಿ ಒಂದು ಹೊಳಪಿರುತ್ತದೆ. ಬೇಡ ಅಂದರೆ ಅದು ಎಷ್ಟು ಬೇಗ ಸಿಟ್ಟಾಗುತ್ತದೆ ಎಂದು ತಿಳಿಯಬೇಕಾದರೆ ಆಗ ವಿಶ್ವಾರಾಧ್ಯನನ್ನು ನೋಡಬೇಕಿತ್ತು.

"ಗವಿಪುರಂವರೆಗೂ ಮನೆಮನೆ ಹತ್ತಿ ಇಳಿದು ಚಂದಾ ಎತ್ತಿದೀನಿ. ಅಸಲಿಗೇ ಅಕ್ಕಿ ಹಾಕಿದೀನಿ, ಒಂದು ಕಾಸು ಲಾಭ ಇಟ್ಕೊಂಡಿಲ್ಲ. ಬಡವರ ಹೊಟ್ಟೆಗೆ ಹೋಗೋ ಅನ್ನದ ಮುಂದೆ ನಿನ್ನ ಅಂಗಡಿ ತಂದು ಇಡ್ತೀಯಲ್ಲ, ನಾಚಿಕೆ ಆಗಲ್ವ?"

"ಚಂದಾ ದುಡ್ಡು ಕಳಿಸಣ್ಣ. ನಿಜವಾಗ್ಲೂ ಗತಿಯಿಲ್ಲದವರಿಗೆ ಕೂಪನ್ ಕೊಡಿ, ಅಲ್ಲೇ ಯಾವ ಅಂಗಡೀಲಾದ್ರೂ ತಗೊಳ್ಳಲಿ. ನಮ್ಮಲ್ಲೇ ತಗೊಳ್ಳಿ ಅಂತ ನಾನು ಹೇಳ್ತಿಲ್ಲ. ಊರಲ್ಲಿ ಅಂಗಡಿ ಅಂತ ಉಳಿದ್ರೆ ತಾನೇ, ನಿಮ್ಮ ಲಾರಿ ನಿಂತ ಮೇಲೂ ಜನ ಉಣ್ಣೋದು?"

"ದುಡ್ಡು ಕಳಿಸ್ಬಿಟ್ರೆ ಇವರಿಗೆಲ್ಲ ಏನು ತೋರಿಸ್ಲಿ?" ಎಂದು ಅವನು ಬೀದಿಯ ಕಡೆ ಕೈ ಬೀಸಿದ. ಅಲ್ಲಿ ಹಾರ ಹಿಡಿದವರು, ಮೊಬೈಲ್ ಹಿಡಿದವರು ಕಾಯುತ್ತಿದ್ದರು. ಬಾಯಿ ತಪ್ಪಿ ಬಂದ ಆ ಮಾತೇ ನಿಜವಾದ ಮಾತು.

ಸರ್ವಮಂಗಳಾಳಿಗೆ ಮೈಯೆಲ್ಲ ಉರಿಯಿತು. "ಹೋದ ಎಲೆಕ್ಷನ್‌ಗೆ ಮುಂಚೆ ಯಾರೋ ಈ ಬೀದೀಲಿ ಮನೆಮನೆಗೂ ಅಕ್ಕಿ ಚೀಲ ಹಂಚಿದ್ರಲ್ಲ, ನೆನಪಿದೆಯಾ? ಬರೀ ಒಂದು ವಾರ. ನೀನು ದಿನಾ ಫೋನ್ ಮಾಡಿ ನನ್ನ ಹತ್ರ ಕೂಗಾಡ್ತಿದ್ದೆ. ಹೀಗೆ ಬಿಟ್ಟಿ ಹಂಚಿದ್ರೆ ವ್ಯಾಪಾರದವರು ಕೂತು ನೊಣ ಹೊಡೀಬೇಕಾ ಅಂದೆ. ನಾವು ತಿಂಗಳುಗಟ್ಟಲೆ ಹೊಡೀತಾ ಕೂತಿದೀವಿ."

"ಅದು ಬೇರೆ, ಇದು ಬೇರೆ," ಎಂದ ವಿಶ್ವಾರಾಧ್ಯ.

ಮತ್ತೆ ಬ್ಯಾನರಿನ ದಾರ ಬಿಗಿಯತೊಡಗಿದ. ತೆಂಗಿನಕಾಯಿ ಒಡೆದರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಯಾರೋ ಒಬ್ಬರು ಸರ್ವಮಂಗಳಾಳನ್ನು ಎಳೆದು ತಂದು ಅಣ್ಣನ ಪಕ್ಕ ನಿಲ್ಲಿಸಿ, "ಇವರು ಆ ಊರಿನವರೇ, ಸಂತ್ರಸ್ತರು" ಎಂದು ಫೋಟೋ ತೆಗೆದರು. ತಾನು ಲಂಗ ಹಾಕಿಕೊಂಡು ಕುಂಟೆಬಿಲ್ಲೆ ಆಡಿದ ಬೀದಿಯಲ್ಲೇ ಅವಳಿಗೆ ಆ ಹೆಸರು ಬಿತ್ತು. ಚಪ್ಪಾಳೆಯ ನಡುವೆ ಲಾರಿ ಹೊರಟುಹೋಯಿತು.

ಮರುದಿನ ಬೆಳಿಗ್ಗೆ ಅವಳೂ ಹೊರಟಳು. ಅತ್ತಿಗೆ ಶಿವಕುಮಾರಿ ಮಣೆ ಹಾಕಿ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಮೊರದಲ್ಲಿದ್ದ ಅಕ್ಕಿಯನ್ನು ಹಿಡಿ ಹಿಡಿಯಾಗಿ ಅವಳ ಸೆರಗಿಗೆ ಹಾಕತೊಡಗಿದಳು. ತವರಿನಿಂದ ಹೊರಡುವ ಹೆಣ್ಣುಮಗಳಿಗೆ ಕೊಡುವ ಮಡಿಲಕ್ಕಿ. ಅದನ್ನು ಬೇಡ ಎನ್ನುವ ಹಾಗಿಲ್ಲ. ಸರ್ವಮಂಗಳಾ ಸೆರಗೊಡ್ಡಿ, ತಲೆ ತಗ್ಗಿಸಿ ಕೂತಿದ್ದಳು. ಐದು ಹಿಡಿ ಆಯಿತು.

ಬಾಗಿಲಲ್ಲಿ ನಿಂತಿದ್ದ ವಿಶ್ವಾರಾಧ್ಯನಿಗೆ ಒಳಗೆ ಏನೋ ಚುಚ್ಚಿರಬೇಕು. "ಇನ್ನೊಂದಿಷ್ಟು ಹಾಕೇ, ನಮ್ಮನೇಲಿ ಅಕ್ಕಿಗೆ ಬರವಾ?" ಎಂದು ಹೆಂಡತಿಗೆ ಹೇಳಿದ.

ಸರ್ವಮಂಗಳಾ ಸೆರಗನ್ನು ಗಂಟು ಹಾಕಿಕೊಂಡು ಎದ್ದಳು.

"ಸಾಕಣ್ಣ. ಇಷ್ಟು ಅಕ್ಕಿಗಾದ್ರೆ ಯಾರ ಅಂಗಡೀನೂ ಮುಚ್ಚಲ್ಲ."