ಉತ್ತರ ಕೊಡದ ಹಡಗು

ಯುದ್ಧನೌಕೆಯ ರೇಡಿಯೊ ಕೋಣೆಯಲ್ಲಿ ಐತಪ್ಪನೇ ಹಿರಿಯ. ಆದರೂ ತುರ್ತು ಸಂದೇಶ ಕಳಿಸಬೇಕಾದಾಗ ಕ್ಯಾಪ್ಟನ್ ಕರೆಯುತ್ತಿದ್ದುದು ಕಿರಿಯ ಗಿಲ್ಬರ್ಟನನ್ನು. ಮೋರ್ಸ್ ಕೀ ಮೇಲೆ ಅವನ ಬೆರಳಿನ ವೇಗ ಹಡಗಿನಲ್ಲೆಲ್ಲ ಮಾತಾಗಿತ್ತು. ಊಟಕ್ಕೆ ಕುಳಿತಲ್ಲೂ ಅದೇ ಹೊಗಳಿಕೆ ಕೇಳಿ ಐತಪ್ಪನಿಗೆ ತುತ್ತು ಇಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅವನು ಟ್ರಾನ್ಸ್‌ಮಿಟರಿನ ವಾಲ್ವ್ ಎಂಬ ಗಾಜಿನ ಬುರುಡೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಗಿಲ್ಬರ್ಟ್ ಒಮ್ಮೆಯಾದರೂ ಕ್ಯಾಪ್ಟನ್ ಎದುರು ತಲೆ ತಗ್ಗಿಸಿ ನಿಲ್ಲಬೇಕು, ಅಷ್ಟೇ ಅವನ ಆಸೆ.

ಸಂಜೆ ರೇಡಿಯೊದಲ್ಲಿ ಕರೆ ಬಂತು. ಎಲ್ಲ ಹಡಗುಗಳೂ ತಾವಿರುವ ಜಾಗ ತಿಳಿಸಬೇಕಂತೆ. ಗಿಲ್ಬರ್ಟ್ ಕೀ ಒತ್ತಿದ, ಸಂದೇಶ ಹೋಗಲಿಲ್ಲ. ಯಂತ್ರ ಬಿಚ್ಚಿದರೆ ವಾಲ್ವಿನ ಜಾಗ ಖಾಲಿ. ಅವನು ಐತಪ್ಪನ ಮುಖ ನೋಡಿದ, ಆಮೇಲೆ ಅವನ ಉಬ್ಬಿದ ಜೇಬು ನೋಡಿದ.

ಅಷ್ಟರಲ್ಲಿ ಜೊತೆಯ ಹಡಗು ಉತ್ತರ ಕೊಟ್ಟಿತ್ತು. ಸ್ವಲ್ಪ ಹೊತ್ತಿಗೆ ಟಾರ್ಪಿಡೊ ಬಡಿದು ಅದು ಮುಳುಗಿತು. ಕರೆದದ್ದು ಶತ್ರುವಿನ ಜಲಾಂತರ್ಗಾಮಿ.

ಬೆಳಿಗ್ಗೆ ಕ್ಯಾಪ್ಟನ್ ಇಬ್ಬರನ್ನೂ ಕರೆಸಿ ಗಿಲ್ಬರ್ಟನ ಹೆಗಲ ಮೇಲೆ ಕೈಯಿಟ್ಟರು.

"ನೀನು ಉತ್ತರ ಕೊಡದೆ ಇದ್ದದ್ದಕ್ಕೆ ನಾವೆಲ್ಲ ಬದುಕಿದ್ದೇವೆ."

ಇದೂ ಅವನ ಪಾಲಿಗೇ ಹೋಯಿತೆಂದು ಐತಪ್ಪನ ಹೊಟ್ಟೆ ಉರಿಯಿತು.

"ನಾನಲ್ಲ ಸರ್," ಎಂದ ಗಿಲ್ಬರ್ಟ್. "ವಾಲ್ವ್ ತೆಗೆದಿಟ್ಟದ್ದು ಐತಪ್ಪ."

ಅದು ಗುಂಡಿಕ್ಕಿ ಕೊಲ್ಲುವಂಥ ಅಪರಾಧ.

"ಯಾಕೆ ತೆಗೆದ?" ಕ್ಯಾಪ್ಟನ್ ದನಿ ಗಡುಸಾಯಿತು.

ಗಿಲ್ಬರ್ಟ್ ಐತಪ್ಪನತ್ತ ತಿರುಗಿದ.

"ಆ ಕರೆ ನಮ್ಮವರದ್ದಲ್ಲಾಂತ ಅವನಿಗೆ ನನಗಿಂತ ಮೊದಲೇ ಗೊತ್ತಾಗಿತ್ತು ಸರ್."